ಬಾಗು

ಹದಿನೆಂಟು ಚಳಿಗಾಲ
ಆ ಜಿಗಿತದ ಗುಡ್ಡದ ಮಗ್ಗುಲಲ್ಲಿ ನಿಂತವಳು ನಾನು.
ಯಂತ್ರ ಬರುವ ಮೊದಲು
ಹಾರಿದವರು ಎಲ್ಲಿ ಇಳಿದರೆಂದು ಕಣ್ಣಲ್ಲೇ ಅಳೆದು
ಕೈ ಎತ್ತಿ ಕೂಗುವುದು ನಮ್ಮ ಕೆಲಸ.
ಮೀಟರಿಗೊಬ್ಬರು. ಅವರವರ ಮೀಟರಿಗೆ ಅವರೇ ಸಾಕ್ಷಿ.
ನನ್ನದು ನೂರಾ ಹದಿನಾಲ್ಕು.

ಎಂಬತ್ತೊಂದರ ಮಾರ್ಚಿಯಲ್ಲಿ
ಟೊರ್ಗೆಯರ್ ಹೌಕೊಸ್ ನನ್ನ ಕಾಲಬುಡಕ್ಕೇ ಬಂದಿಳಿದ.
ಹಿಮದ ಪುಡಿ ನನ್ನ ಹಲ್ಲಿಗೆ ಬಡಿಯಿತು.
"ನೂರಾ ಹದಿನಾಲ್ಕೂವರೆ!"
ಆ ಅರ್ಧ ಮೀಟರಿನಲ್ಲಿ ಅವನಿಗೆ ಪದಕ.
ಆಮೇಲೆ ಅಂಚೆಚೀಟಿ, ಹಾಲಿನ ಪೊಟ್ಟಣದ ಮೇಲೆ ಮುಖ,
ಸೇತುವೆಯ ಪಕ್ಕ ಕಂಚಿನಲ್ಲಿ
ಮುಂದಕ್ಕೆ ಬಾಗಿ ನಿಂತ ರೆಕ್ಕೆಯಿಲ್ಲದ ಹಕ್ಕಿ.

ಈಗ ಅರವತ್ತು ದಾಟಿದೆ. ಮೊನ್ನೆ ಶನಿವಾರ
ಟಿ.ವಿ.ಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳಿದ:
"ಭೂಮಿ ಚಪ್ಪಟೆ. ನಮ್ಮಿಂದ ಮುಚ್ಚಿಟ್ಟಿದ್ದಾರೆ.
ನಿಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲಿದ್ದವನು ನಾನು.
ಬಾಗು ಎಲ್ಲೂ ಕಾಣಲಿಲ್ಲ."
ಸಂದರ್ಶಕ ನಗಬೇಕೋ ಬೇಡವೋ ತಿಳಿಯದೆ
ನೀರು ಕುಡಿದ.

ಸೋಮವಾರ ಬೇಕರಿಯ ಓಡ್ವಾರ್
ತೆಳ್ಳನೆ ರೊಟ್ಟಿಗೆ ಅವನ ಹೆಸರಿಟ್ಟ; ಹನ್ನೊಂದಕ್ಕೆಲ್ಲ ಖಾಲಿ.
ಹಾಲಿನವರು ಪೊಟ್ಟಣದಿಂದ ಮುಖ ಅಳಿಸಿದರು.
ಯಾರೋ ಪ್ರತಿಮೆಯ ಬೆನ್ನ ಮೇಲೆ
ಗಾರೆಯವರ ರಸಮಟ್ಟ ಇಟ್ಟು ಹೋದರು,
ಇನ್ಯಾರೋ ಅದರ ಕಾಲ ಬಳಿ ಮೇಣದ ಬತ್ತಿ ಹಚ್ಚಿದರು.
ಬಸ್ಸಿನ ಡ್ರೈವರ್ ಕನ್ನಡಿಯಲ್ಲೇ ಜಗಳಕ್ಕೆ ನಿಂತ:
"ಅವನು ಪದಕ ತಂದ. ನೀವೇನು ತಂದಿರಿ, ಪೇಟೆಯಿಂದ ಆಲೂಗಡ್ಡೆ?"
ಜರ್ಮನಿಯಿಂದ ಒಂದು ವ್ಯಾನು, ಅದರೊಳಗೆ ಆರು ಜನ.
ಅವನ ಕೈ ಕುಲುಕಿ, ಅತ್ತು,
ಅಂಗಳದಲ್ಲೇ ಡೇರೆ ಹಾಕಿದರು.
ಬಿಟ್ಟುಹೋದ ಹೆಂಡತಿಯನ್ನು ಪತ್ರಿಕೆಯವರು ಕೇಳಿದರೆ
"ಹೊಗೆಸೊಪ್ಪು ಬಿಟ್ಟೆ ಅಂತಲೂ ಹೇಳುತ್ತಿದ್ದ" ಅಂದಳು,
ಬಾಗಿಲು ಹಾಕಿಕೊಂಡಳು.

ನನ್ನ ಮೊಮ್ಮಗ ಐಲಿಫ್‌ಗೆ ಎಂಟು ವರ್ಷ.
ಈಗೀಗ ಹಾಸಿಗೆಯ ಅಂಚು ಬಿಟ್ಟು ಗೋಡೆಗಂಟಿ ಮಲಗುತ್ತಾನೆ.
"ಅಜ್ಜಿ, ಸಮುದ್ರ ಮುಗಿಯುವಲ್ಲಿ ಬೇಲಿ ಇದೆಯಾ?"
ನಗಲೆಂದು ಬಾಯಿ ತೆರೆದೆ. ತೆರೆದೇ ಇತ್ತು.

ಗುರುವಾರ ಅಂಗಡಿಯ ಸಾಲಿನಲ್ಲಿ ಅವನೇ ನನ್ನ ಮುಂದೆ.
ಬುಟ್ಟಿಯಲ್ಲಿ ಮೀನಿನ ಡಬ್ಬಿ,
ಅತಿಥಿಗಳಿಗೆ ಆರು ಹಲ್ಲುಜ್ಜುವ ಬ್ರಷ್ಷು.
ತಿರುಗಿ ಕೇಳಿದ: "ನೀನು ಕಂಡವಳು. ನೀನೇ ಹೇಳು,
ನಾನು ಸುಳ್ಳು ಹೇಳುವವನಾ?"

ಹೇಳಬೇಕಿತ್ತು:
ಮಹರಾಯ, ಆ ಗುಡ್ಡ ಬಾಗಿದ್ದರಿಂದಲೇ
ನಿನ್ನ ಮೊಣಕಾಲು ಇನ್ನೂ ಮಡಚುವುದು.
ನೀನು ಬೀಳುತ್ತಿದ್ದಷ್ಟು ಹೊತ್ತೂ
ನೆಲ ನಿನ್ನ ಜೊತೆಜೊತೆಗೇ ಕೆಳಗಿಳಿಯಿತು,
ನಡೆಯಲು ಕಲಿಯುವ ಕೂಸಿನ ಮುಂದೆ
ತಾಯಿ ಹಿಂದೆ ಹಿಂದೆ ಸರಿಯುವ ಹಾಗೆ.
ಚಪ್ಪಟೆ ನೆಲಕ್ಕೆ ಬಿದ್ದವರನ್ನೂ ಬಲ್ಲೆ,
ಸ್ಟ್ರೆಚರಿನ ಹಿಂದಿನ ತುದಿ ಹಿಡಿದವಳು.

ಹೇಳಲಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಆ ಮಾರ್ಚಿಯಲ್ಲಿ ನಾನು ಕಂಡೇ ಇರಲಿಲ್ಲ.
ಹಿಮ ಹಾರಿದಾಗ ಕಣ್ಣು ಮುಚ್ಚಿತ್ತು;
ತೆರೆದಾಗ ಅವನು ನನ್ನನ್ನು ದಾಟಿ ಜಾರುತ್ತಿದ್ದ.
ಊರಿಗೆ ಊರೇ ಉಸಿರು ಬಿಗಿಹಿಡಿದು
ನನ್ನ ಕೈಯನ್ನೇ ನೋಡುತ್ತಿತ್ತು.
ಕೈ ಎತ್ತಿದೆ.
ಅರ್ಧ ಸೇರಿಸಿ ಕೂಗಿದೆ.
ಇಷ್ಟು ವರ್ಷ ಯಾರೂ ಪುರಾವೆ ಕೇಳಿಲ್ಲ.

"ಮುಂದೆ ಹೋಗು, ಟೊರ್ಗೆಯರ್," ಅಂದೆ,
"ಸಾಲು ಕಾಯುತ್ತಿದೆ."

ಮನೆಗೆ ಬರುತ್ತಾ ಪ್ರತಿಮೆಯ ಬೆನ್ನಿನಿಂದ
ಆ ರಸಮಟ್ಟ ಎತ್ತಿಕೊಂಡೆ.
ಐಲಿಫ್ ಅದನ್ನು ಎಲ್ಲದರ ಮೇಲೂ ಇಟ್ಟು ನೋಡುತ್ತಿದ್ದಾನೆ:
ಕಿಟಕಿ, ಕುರ್ಚಿ, ಮಲಗಿದ ನಾಯಿ.
ನಾನು ನಲವತ್ತು ವರ್ಷ ಊಟ ಮಾಡಿದ ಮೇಜಿನ ಮೇಲೆ
ಗುಳ್ಳೆ ಒಂದು ಬದಿಗೆ ಹೋಗಿ ನಿಂತಿದೆ.